ಉರಿಯದ ಗ್ಯಾಸ್, ಓಡದ ಹೀಲಿಯಂ

(ಒಂದು ಕಾಲೇಜಿನ ವಿಜ್ಞಾನ ಸಂಘದಲ್ಲಿ ಮಾಡಿದ ಉಪನ್ಯಾಸ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡು ಬರಹಕ್ಕೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಬಲೂನು ಇವೆ, ನೋಡಿ. ಎರಡಕ್ಕೂ ತುಂಬಿಸಿದ್ದು ಹೀಲಿಯಂ. ದಾರ ಜಗ್ಗುತ್ತಾ ಮೇಲೆ ತೇಲುತ್ತಿರುವ ಕೆಂಪು ಬಲೂನು ಇವತ್ತು ಬೆಳಿಗ್ಗೆಯದು. ಈ ಹಳದಿಯದ್ದು ನಿನ್ನೆ ಬೆಳಿಗ್ಗೆಯದು. ಇದರ ಬಾಯಿಗೆ ಹಾಕಿದ ಗಂಟು ಬಿಚ್ಚಿಲ್ಲ, ಎಲ್ಲೂ ತೂತಾಗಿಲ್ಲ. ಆದರೂ ಏಳುತ್ತಿಲ್ಲ. ಮುಟ್ಟಿದರೆ ಮೆತ್ತಗಿದೆ, ರಬ್ಬರ್ ಸುಕ್ಕಾಗಿದೆ. ಹುಟ್ಟುಹಬ್ಬದ ಮಾರನೇ ದಿನ ಸೋಫಾ ಹಿಂದೆ ಬಿದ್ದಿರುತ್ತಲ್ವಾ, ಹಾಗೆ.

ಒಳಗಿದ್ದ ಹೀಲಿಯಂ ಎಲ್ಲಿ ಹೋಯಿತು? ರಬ್ಬರಿನ ಮೂಲಕವೇ ಹೋಯಿತು. ಹೀಲಿಯಂ ಪರಮಾಣು ಅಷ್ಟು ಚಿಕ್ಕದು. ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ, ಯಾರ ಜೊತೆಯೂ ಸೇರುವುದಿಲ್ಲ. ಸಂದು ಸಿಕ್ಕಿದರೆ ಸಾಕು, ನುಸುಳಿ ಹೋಗುತ್ತದೆ.

ಆದರೆ ಈ ಬಲೂನಿನೊಳಗೆ ಬರುವ ಮೊದಲು ಇದೇ ಹೀಲಿಯಂ ನೆಲದಡಿ ಕಲ್ಲಿನ ಸಂದಿಯಲ್ಲಿ ಕೋಟಿಗಟ್ಟಲೆ ವರ್ಷ ಇತ್ತು. ರಬ್ಬರಿನೊಳಗೆ ಎರಡು ದಿನ ನಿಲ್ಲದ್ದು ಅಲ್ಲಿ ಅಷ್ಟು ಕಾಲ ಹೇಗೆ ನಿಂತಿತು? ಇವತ್ತು ನಾನು ಹೇಳಬೇಕೆಂದು ಬಂದಿರುವುದು ಅಷ್ಟೇ. ಆದರೆ ಈ ಪ್ರಶ್ನೆಯ ಬೆನ್ನು ಹತ್ತಿದರೆ ಯುರೇನಿಯಂ, ಉಪ್ಪು, ಜ್ವಾಲಾಮುಖಿ, ಕೊನೆಗೆ ನಮ್ಮ ರಾಮನಗರದ ಬಂಡೆ, ಎಲ್ಲವೂ ಸಿಗುತ್ತವೆ.

ಕಥೆ ಶುರುವಾಗುವುದು ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಡೆಕ್ಸ್ಟರ್ ಎಂಬ ಚಿಕ್ಕ ಊರಿನಲ್ಲಿ. 1903ರ ಮೇ ತಿಂಗಳು. ಊರ ಹೊರಗೆ ಕೊರೆದ ಬಾವಿಯಿಂದ ಗ್ಯಾಸ್ ಭೋರೆಂದು ಚಿಮ್ಮಿತು. ದಿನಕ್ಕೆ ಸುಮಾರು 90 ಲಕ್ಷ ಘನ ಅಡಿ ಎಂದು ಅಂದಾಜು ಮಾಡಿದರು. ಊರವರ ಖುಷಿ ಕೇಳಬೇಕೇ? ಗ್ಯಾಸ್ ಸಿಕ್ಕಿತು ಎಂದರೆ ಕಾರ್ಖಾನೆ ಬರುತ್ತದೆ, ಕೆಲಸ ಬರುತ್ತದೆ, ಊರು ಬೆಳೆಯುತ್ತದೆ. ಒಂದು ದಿನ ಗೊತ್ತು ಮಾಡಿ ಜಾತ್ರೆಯ ಹಾಗೆ ಜನ ಸೇರಿದರು. ಸಂಗೀತ, ಆಟ, ಭಾಷಣ ಎಲ್ಲ ಆಯಿತು. ಕೊನೆಗೆ ಗ್ಯಾಸಿಗೆ ಬೆಂಕಿ ಹಚ್ಚಿ ದೊಡ್ಡ ಜ್ವಾಲೆ ತೋರಿಸುವುದು, ಅದೇ ಆ ದಿನದ ಮುಖ್ಯ ಕಾರ್ಯಕ್ರಮ. ಹುಲ್ಲಿನ ಪಿಂಡಿಗೆ ಬೆಂಕಿ ಕೊಟ್ಟು ಗ್ಯಾಸಿನ ಎದುರಿಗೆ ತಳ್ಳಿದರು.

ಗ್ಯಾಸ್ ಹತ್ತಲಿಲ್ಲ. ಹುಲ್ಲಿನ ಬೆಂಕಿಯೇ ಆರಿಹೋಯಿತು.

ಮತ್ತೆ ಮತ್ತೆ ಹಚ್ಚಿ ನೋಡಿದರು. ಪ್ರತಿ ಸಲವೂ ಹಾಗೇ. ಜನ ಮುಖ ಸಣ್ಣ ಮಾಡಿಕೊಂಡು ಮನೆಗೆ ಹೋದರು. ಆ ಜನರನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮನಸ್ಸಿಗೆ ಒಂಥರಾ ಆಗುತ್ತದೆ. ಅವರ ಕಾಲಡಿಯಲ್ಲಿ ಇದ್ದದ್ದು ಉರಿಯುವ ಗ್ಯಾಸಿಗಿಂತ ಎಷ್ಟೋ ಅಪರೂಪದ ವಸ್ತು. ಆವತ್ತು ಅದು ಯಾರಿಗೂ ಗೊತ್ತಿರಲಿಲ್ಲ.

ಸುದ್ದಿ ತಿಳಿದು ರಾಜ್ಯದ ಭೂವಿಜ್ಞಾನಿ ಇರಾಸ್ಮಸ್ ಹಾವರ್ತ್ ಆ ಗ್ಯಾಸನ್ನು ಉಕ್ಕಿನ ಸಿಲಿಂಡರಿನಲ್ಲಿ ಹಿಡಿಸಿ ಲಾರೆನ್ಸ್‌ನಲ್ಲಿರುವ ಕ್ಯಾನ್ಸಾಸ್ ವಿಶ್ವವಿದ್ಯಾಲಯಕ್ಕೆ ತರಿಸಿದರು. ಅಲ್ಲಿ ಹ್ಯಾಮಿಲ್ಟನ್ ಕೇಡಿ ಮತ್ತು ಡೇವಿಡ್ ಮ್ಯಾಕ್‌ಫಾರ್ಲಂಡ್ ಎಂಬ ರಸಾಯನಶಾಸ್ತ್ರದ ಇಬ್ಬರು ಮೇಷ್ಟ್ರು ಅದನ್ನು ಬಿಡಿಸಿ ನೋಡಿದರು. ನೂರರಲ್ಲಿ ಸುಮಾರು 72 ಭಾಗ ನೈಟ್ರೋಜನ್. ಉರಿಯುವ ಮೀಥೇನ್ ಬರೀ 15 ಭಾಗ. ಹುಲ್ಲಿನ ಬೆಂಕಿ ಆರಿದ್ದು ಯಾಕೆ ಎಂದು ಇಷ್ಟರಲ್ಲೇ ತಿಳಿಯಿತು. ಆದರೆ ಇನ್ನೂ 12 ಭಾಗದಷ್ಟು ಏನೋ ಉಳಿದಿತ್ತು. ಅದು ಏನೆಂದು ಗೊತ್ತಾಗಲಿಲ್ಲ. ಅವರು ಬಿಡಲಿಲ್ಲ, ಎರಡು ವರ್ಷ ಅದರ ಹಿಂದೆ ಬಿದ್ದರು.

ಅವರು ಬಳಸಿದ ಉಪಾಯ ನನಗೆ ಬಹಳ ಇಷ್ಟ. ಒಂದು ಗಾಜಿನ ಬುರುಡೆ, ಅದರೊಳಗೆ ತೆಂಗಿನ ಕರಟದ ಇದ್ದಿಲು. ನಮ್ಮ ಬಚ್ಚಲೊಲೆಗೆ ಹಾಕುತ್ತಿದ್ದೆವಲ್ಲ, ಅದೇ ಕರಟ. ಬುರುಡೆಯನ್ನು ದ್ರವ ಗಾಳಿಯಲ್ಲಿ ಮುಳುಗಿಸಿದರು. ಇದ್ದಿಲು ಮೈನಸ್ 190 ಡಿಗ್ರಿಯ ಹತ್ತಿರಕ್ಕೆ ತಣ್ಣಗಾಯಿತು. ಅಷ್ಟು ತಣ್ಣಗಿರುವ ಕರಟದ ಇದ್ದಿಲು ನೈಟ್ರೋಜನ್, ಮೀಥೇನ್, ಹೀಗೆ ಹೆಚ್ಚುಕಡಿಮೆ ಎಲ್ಲ ಅನಿಲವನ್ನೂ ಹೀರಿ ಹಿಡಿದುಕೊಳ್ಳುತ್ತದೆ. ಹೀಲಿಯಂನಂಥ ಒಂದೆರಡನ್ನು ಮಾತ್ರ ಹಿಡಿಯಲಾರದು. ಹೀಗೆ ಉಳಿದ ಚೂರು ಅನಿಲಕ್ಕೆ ವಿದ್ಯುತ್ ಹಾಯಿಸಿ ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದಾಗ ಹೀಲಿಯಂನ ಗುರುತಾದ ಒಂದು ಹಳದಿ ಗೆರೆ ಕಂಡಿತು. 1905ರ ಡಿಸೆಂಬರ್ 7. ಡೆಕ್ಸ್ಟರ್ ಗ್ಯಾಸಿನಲ್ಲಿ ಶೇಕಡಾ 1.84 ಹೀಲಿಯಂ ಇತ್ತು.

ಆ ಹಳದಿ ಗೆರೆಗೆ ನಮ್ಮ ನಾಡಿನ ನಂಟಿದೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ ಆಯಿತು. ಅದರ ನೆರಳು ಜಮಖಂಡಿಯ ಮೇಲೂ ಹಾದುಹೋಯಿತು. ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅಲ್ಲಿ, ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ, ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರು. ಅದೇ ವರ್ಷ ಇಂಗ್ಲೆಂಡಿನ ಲಾಕಿಯರ್ ಆ ಬೆಳಕಿನ ಹಳದಿ ಗೆರೆ ಸೋಡಿಯಂನದ್ದಲ್ಲ ಎಂದು ಕಂಡುಕೊಂಡರು. ಆ ಗೆರೆಯ ಹಿಂದಿನ ಹೊಸ ಧಾತುವಿಗೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂಬ ಹೆಸರು ಬಂತು. ಭೂಮಿಯ ಮೇಲೆ ಅದು ಸಿಗಲು 1895ರವರೆಗೆ ಕಾಯಬೇಕಾಯಿತು. ಆ ವರ್ಷ ವಿಲಿಯಂ ರಾಮ್ಸೆ ಕ್ಲೀವೈಟ್ ಎಂಬ ಖನಿಜವನ್ನು ಆಮ್ಲದಲ್ಲಿ ಹಾಕಿದಾಗ ಹೊರಬಂದ ಅನಿಲದಲ್ಲಿ ಅದೇ ಗೆರೆ ಕಂಡಿತು. ಕ್ಲೀವೈಟ್ ಯುರೇನಿಯಂ ಇರುವ ಖನಿಜ. ಇದನ್ನು ನೆನಪಿಟ್ಟುಕೊಳ್ಳಿ.

ಯುರೇನಿಯಂ ಪರಮಾಣು ಸುಮ್ನೆ ಇರುವುದಿಲ್ಲ, ಒಡೆಯುತ್ತಾ ಹೋಗುತ್ತದೆ. ಅದರ ತೂಕ 238. ಒಡೆದೊಡೆದು ಕೊನೆಗೆ 206 ತೂಕದ ಸೀಸವಾಗಿ ನಿಲ್ಲುತ್ತದೆ. ಕಳೆಯಿರಿ, 32. ಒಂದು ಹೀಲಿಯಂನ ತೂಕ 4. ಹಾಗಾದರೆ ಒಂದು ಯುರೇನಿಯಂ ಸೀಸವಾಗುವಷ್ಟರಲ್ಲಿ 8 ಹೀಲಿಯಂ ಹುಟ್ಟಿರುತ್ತವೆ. ಥೋರಿಯಂ 232ರಿಂದ 208ಕ್ಕೆ ಇಳಿಯುತ್ತದೆ, ಅದರಿಂದ 6. ಹೀಗೆ ಒಡೆಯುವಾಗ ಸಿಡಿಯುವ, ನಾವು ಆಲ್ಫಾ ಕಣ ಎನ್ನುವುದು ಬೇರೇನೂ ಅಲ್ಲ, ಎಲೆಕ್ಟ್ರಾನ್ ಇಲ್ಲದ ಹೀಲಿಯಂ. ಕಲ್ಲಿನಿಂದಲೇ ಎರಡು ಎಲೆಕ್ಟ್ರಾನ್ ತೆಗೆದುಕೊಂಡರೆ ಅದು ಪೂರ್ತಿ ಹೀಲಿಯಂ ಪರಮಾಣು. ಇದನ್ನು ರುದರ್‌ಫರ್ಡ್ ಮತ್ತು ರಾಯ್ಡ್ಸ್ 1908ರಲ್ಲಿ ಮ್ಯಾಂಚೆಸ್ಟರಿನಲ್ಲಿ ತೋರಿಸಿಕೊಟ್ಟರು.

ಯುರೇನಿಯಂ, ಥೋರಿಯಂ ಎಂದ ಕೂಡಲೇ ಗಣಿಯೇ ಬೇಕು ಅಂದುಕೊಳ್ಳಬೇಡಿ. ಸಾಧಾರಣ ಗ್ರಾನೈಟ್‌ನಲ್ಲೂ ಇವೆ. ಹತ್ತು ಲಕ್ಷ ಭಾಗದಲ್ಲಿ ಯುರೇನಿಯಂ ಮೂರು ಭಾಗ, ಥೋರಿಯಂ ಹನ್ನೆರಡು ಭಾಗ ಎಂದು ಇಟ್ಟುಕೊಳ್ಳೋಣ. ಈಗ ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಕಿಲೋಮೀಟರ್ ಇರುವ ಗ್ರಾನೈಟ್ ತುಂಡನ್ನು ಮನಸ್ಸಿಗೆ ತಂದುಕೊಳ್ಳಿ. ಅಷ್ಟು ದೊಡ್ಡ ಬೆಟ್ಟದಲ್ಲಿ ಒಂದು ವರ್ಷಕ್ಕೆ ಹುಟ್ಟುವ ಹೀಲಿಯಂ ಎಷ್ಟು? ನಾನು ಲೆಕ್ಕ ಹಾಕಿ ನೋಡಿದೆ. ಸುಮಾರು ಎರಡು ಲೀಟರ್! ಈ ಒಂದು ಬಲೂನು ತುಂಬಲು ಐದಾರು ವರ್ಷ ಬೇಕು. ಬೆಟ್ಟವನ್ನು ನೂರು ಕೋಟಿ ವರ್ಷ ಹಾಗೇ ಬಿಟ್ಟರೆ 200 ಕೋಟಿ ಲೀಟರ್ ಆದೀತು. ಬಹಳ ಅನಿಸುತ್ತದೆ ಅಲ್ವಾ? ಇಡೀ ಜಗತ್ತು ಇವತ್ತು ಬಳಸುವ ವೇಗಕ್ಕೆ ಅದು ಒಂದು ವಾರಕ್ಕೂ ಸಾಲದು.

ಹುಟ್ಟುವುದು ಇಷ್ಟು ನಿಧಾನ. ಹುಟ್ಟಿದ್ದೂ ಒಂದೇ ಕಡೆ ಇರುವುದಿಲ್ಲ, ಇಡೀ ಕಲ್ಲಿನಲ್ಲಿ ಕಣ ಕಣವಾಗಿ ಚದುರಿರುತ್ತದೆ. ಅದನ್ನು ಗುಡ್ಡೆ ಹಾಕಿದವರು ಯಾರು?

ಮೊದಲು ಅದು ಹರಳಿನಿಂದ ಹೊರಗೆ ಬರಬೇಕು. ಗ್ರಾನೈಟ್‌ನಲ್ಲಿ ಯುರೇನಿಯಂ ಜಾಸ್ತಿ ಇರುವುದು ಜಿರ್ಕಾನ್, ಅಪಟೈಟ್ ಎಂಬ ಸಣ್ಣ ಸಣ್ಣ ಹರಳುಗಳಲ್ಲಿ. ಒಡೆದ ಯುರೇನಿಯಂನಿಂದ ಸಿಡಿದ ಹೀಲಿಯಂ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು ದೂರ ಹೋಗಿ ನಿಲ್ಲುತ್ತದೆ. ಅಂಚಿನ ಹತ್ತಿರ ಹುಟ್ಟಿದ್ದು ಆಗಲೇ ಹರಳು ದಾಟಿತು. ನಡುವೆ ಹುಟ್ಟಿದ್ದು ಒಳಗೇ ಸಿಕ್ಕಿಬಿತ್ತು. ಅದು ಹೊರಡಬೇಕಾದರೆ ಬಿಸಿ ಬೇಕು. ಅಪಟೈಟ್ ಸುಮಾರು 70 ಡಿಗ್ರಿ ದಾಟಿದರೆ ಹೀಲಿಯಂ ಬಿಟ್ಟುಕೊಡುತ್ತದೆ. ಜಿರ್ಕಾನಿಗೆ ಸುಮಾರು 180 ಡಿಗ್ರಿ ಬೇಕು. ಒಂದು ಕಿಲೋಮೀಟರ್ ಆಳಕ್ಕೆ ಇಳಿದರೆ ನೆಲದ ಬಿಸಿ 25ರಿಂದ 30 ಡಿಗ್ರಿ ಏರುತ್ತದೆ. ಹಾಗಾಗಿ ಆಳದ ಕಲ್ಲು ಸದಾ ಸ್ವಲ್ಪ ಸ್ವಲ್ಪ ಬಿಟ್ಟುಕೊಡುತ್ತಲೇ ಇರುತ್ತದೆ.

ಹೊರಬಂದ ಹೀಲಿಯಂ ಸೇರುವುದು ನೀರಿಗೆ. ಆಳದ ಕಲ್ಲಿನ ಬಿರುಕುಗಳೆಲ್ಲ ಉಪ್ಪುನೀರಿನಿಂದ ತುಂಬಿವೆ. ಆ ನೀರಿಗೆ ಎಲ್ಲಿಗೂ ಹೋಗುವ ಅವಸರ ಇಲ್ಲ. ಕೆನಡಾದ ಟಿಮಿನ್ಸ್ ಊರಿನ ಗಣಿಯೊಂದರಲ್ಲಿ 2.4 ಕಿಲೋಮೀಟರ್ ಆಳದ ಬಂಡೆಯಿಂದ ಒಸರುವ ನೀರನ್ನು ಪರೀಕ್ಷೆ ಮಾಡಿ, ಅದು ನೂರು ಕೋಟಿ ವರ್ಷಕ್ಕೂ ಹಳೆಯದು ಎಂದು 2013ರಲ್ಲಿ ವಿಜ್ಞಾನಿಗಳು ಹೇಳಿದರು. ಅದರಲ್ಲಿ ಕರಗಿದ್ದ ಹೀಲಿಯಂ, ನಿಯಾನ್, ಜೆನಾನ್‌ಗಳೇ ಆ ಲೆಕ್ಕಕ್ಕೆ ಆಧಾರ. ನಿಂತ ನೀರಿನಲ್ಲಿ ಹೀಲಿಯಂ ಹೀಗೆ ಕೂಡುತ್ತಾ ಹೋಗುತ್ತದೆ.

ಆದರೂ ಅಷ್ಟರಿಂದ ಬಾವಿ ತುಂಬುವುದಿಲ್ಲ. ಸ್ವಂತವಾಗಿ ಗುಳ್ಳೆ ಕಟ್ಟಿ ಏಳುವಷ್ಟು ಹೀಲಿಯಂ ನೀರಿನಲ್ಲಿ ಕೂಡುವುದೇ ಇಲ್ಲ. ಇಲ್ಲೇ ಇರುವುದು ಇಡೀ ವಿಷಯದ ಗುಟ್ಟು. ಹೀಲಿಯಂಗೆ ಬೇರೆ ಗ್ಯಾಸಿನ ಜೊತೆ ಬೇಕು.

ನೆಗಡಿಯಾದಾಗ ನೀಲಗಿರಿ ಎಲೆ ಹಾಕಿ ನೀರು ಕುದಿಸಿ, ಕಂಬಳಿ ಹೊದ್ದು ಆವಿ ತೆಗೆದುಕೊಳ್ಳುತ್ತೇವೆ. ಎಲೆಯಲ್ಲಿರುವ ಎಣ್ಣೆ ಚೂರೇ ಚೂರು. ಆದರೂ ನೀರಿನ ಹಬೆ ಏಳುವಾಗ ಅದನ್ನೂ ಜೊತೆಗೆ ಎತ್ತಿಕೊಂಡು ಬರುತ್ತದೆ, ಮೂಗು ಬಿಚ್ಚುತ್ತದೆ. ನೆಲದಡಿಯೂ ಹೆಚ್ಚುಕಡಿಮೆ ಹೀಗೇ. ಆಳದಿಂದ ನೈಟ್ರೋಜನ್ನೋ ಮೀಥೇನೋ ಗುಳ್ಳೆಗಳಾಗಿ ಏಳುತ್ತದೆ. ಆ ಗುಳ್ಳೆ ಹಳೆಯ ನೀರಿನ ಮೂಲಕ ಹಾದು ಬರುವಾಗ ನೀರಿನಲ್ಲಿರುವ ಹೀಲಿಯಂ ಅದರೊಳಗೆ ಸೇರಿಕೊಳ್ಳುತ್ತದೆ. ಹೀಲಿಯಂಗೆ ನೀರು ಅಷ್ಟಾಗಿ ಹಿಡಿಸುವುದಿಲ್ಲ. ಪಕ್ಕದಲ್ಲಿ ಅನಿಲದ ಗುಳ್ಳೆ ಸಿಕ್ಕಿದರೆ ನೀರು ಬಿಟ್ಟು ಅಲ್ಲಿಗೆ ಹಾರುತ್ತದೆ. ಮೈಲಿಗಟ್ಟಲೆ ಕಲ್ಲಿನಲ್ಲಿ ಚದುರಿದ್ದ ಹೀಲಿಯಂ ಹೀಗೆ ಒಂದು ಕಡೆಗೆ ಬರುತ್ತದೆ. ಗ್ಯಾಸ್ ಬಾವಿ ಹೀಲಿಯಂನ ಸ್ವಂತ ಮನೆಯಲ್ಲ, ಅಲ್ಲಿ ಅದು ಬಾಡಿಗೆಗೆ ಇದೆ. ಮೀಥೇನ್ ಹುಟ್ಟಿದ್ದು ಹೂತುಹೋದ ಜೀವಿಗಳ ಕೊಳೆತದಿಂದ. ಹೀಲಿಯಂ ಹುಟ್ಟಿದ್ದು ಅದಕ್ಕೂ ಆಳದ, ಎಷ್ಟೋ ಹಳೆಯ ಬಂಡೆಯಿಂದ. ಇಬ್ಬರ ಹುಟ್ಟೂರು ಬೇರೆ, ವಯಸ್ಸು ಬೇರೆ. ಉಳಿದುಕೊಂಡ ಜಾಗ ಮಾತ್ರ ಒಂದೇ.

ಈಗ ಡೆಕ್ಸ್ಟರಿನ ಹುಲ್ಲಿನ ಪಿಂಡಿಗೆ ವಾಪಸ್ ಹೋಗೋಣ. ಅದು ಯಾಕೆ ಆರಿತು ಎಂಬುದಕ್ಕೂ ಹೀಲಿಯಂ ಯಾಕೆ ಅಷ್ಟು ಇತ್ತು ಎಂಬುದಕ್ಕೂ ಕಾರಣ ಒಂದೇ. ಮೀಥೇನ್ ಧಾರಾಳವಾಗಿ ಬಂದು ತುಂಬಿದ ಕಡೆ ಇರುವ ಚೂರು ಹೀಲಿಯಂ ಅದರಲ್ಲಿ ತೆಳುವಾಗಿಬಿಡುತ್ತದೆ. ಒಂದು ಚಮಚ ಡಿಕಾಕ್ಷನ್‌ಗೆ ಒಂದು ಕೊಡ ಹಾಲು ಸುರಿದ ಹಾಗೆ. ಮೀಥೇನ್ ಕಡಿಮೆ ಇದ್ದು, ಆಳದಿಂದ ಬಂದ ನೈಟ್ರೋಜನ್ನೇ ಜಾಸ್ತಿ ಇರುವ ಕಡೆ ಹೀಲಿಯಂ ಗಟ್ಟಿಯಾಗಿ ಉಳಿಯುತ್ತದೆ. ಹೀಲಿಯಂ ಹೆಚ್ಚಿರುವ ಗ್ಯಾಸಿನಲ್ಲಿ ನೈಟ್ರೋಜನ್ ಹೆಚ್ಚಿರುವುದನ್ನು ಜಗತ್ತಿನ ಎಷ್ಟೋ ಕಡೆ ನೋಡಿದ್ದಾರೆ. ಅಮೆರಿಕದ ಅರಿಜೋನಾದಲ್ಲಿ ಪಿಂಟಾ ಡೋಮ್ ಎಂಬ ಜಾಗವಿದೆ. ಅಲ್ಲಿನ ಗ್ಯಾಸೂ ಬಹುಪಾಲು ನೈಟ್ರೋಜನ್, ಒಲೆಗೆ ಬಾರದು. ಹೀಲಿಯಂ ಮಾತ್ರ ಶೇಕಡಾ 8ರಿಂದ 10ರವರೆಗೆ.

ಹಾಗಾದರೆ ಕತಾರ್ ಹೇಗೆ ಅಷ್ಟೊಂದು ಹೀಲಿಯಂ ಮಾರುತ್ತದೆ ಎಂದು ಕೇಳಬಹುದು. ಅಲ್ಲಿನ ಗ್ಯಾಸಿನಲ್ಲಿ ಹೀಲಿಯಂ ಬರೀ ಶೇಕಡಾ 0.04. ಆದರೆ ಅವರು ಹಡಗಿಗೆ ತುಂಬಲು ಮೀಥೇನನ್ನು ಮೈನಸ್ 162 ಡಿಗ್ರಿಗೆ ತಂಪು ಮಾಡಿ ದ್ರವ ಮಾಡುತ್ತಾರೆ. ಆ ತಂಪಿಗೆ ಹೀಲಿಯಂ ಜಗ್ಗುವುದಿಲ್ಲ, ಅದು ದ್ರವವಾಗಲು ಮೈನಸ್ 269 ಬೇಕು. ಮೀಥೇನೆಲ್ಲ ಕೆಳಗೆ ಇಳಿದ ಮೇಲೆ ಮಿಕ್ಕಿದ ಅನಿಲದಲ್ಲಿ ಹೀಲಿಯಂ ತಾನಾಗಿ ಗಟ್ಟಿಯಾಗಿರುತ್ತದೆ. ಗ್ಯಾಸಿನ ಪ್ರಮಾಣವೇ ಅಷ್ಟು ದೊಡ್ಡದಾದ್ದರಿಂದ ಚೂರು ಚೂರೇ ಸೇರಿ ರಾಶಿಯಾಗುತ್ತದೆ.

ಇನ್ನು ಬಲೂನಿನ ಪ್ರಶ್ನೆ. ಬಂದು ಸೇರಿದ ಹೀಲಿಯಂ ಓಡಿಹೋಗದೆ ನಿಂತಿದ್ದು ಹೇಗೆ?

ಮೊದಲನೆಯದಾಗಿ, ನೆಲದಡಿ ಗ್ಯಾಸ್ ಎಂದರೆ ದೊಡ್ಡ ಗುಹೆಯಲ್ಲ. ಮರಳುಗಲ್ಲು, ಸುಣ್ಣಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಗ್ಯಾಸ್ ಇರುತ್ತದೆ. ಪದರಗಳು ಬೋಗುಣಿ ಕವುಚಿಟ್ಟ ಹಾಗೆ ಬಾಗಿರುವ ಕಡೆ, ಆ ಬಾಗಿನ ನೆತ್ತಿಗೆ ಬಂದು ಸೇರುತ್ತದೆ. ಮೇಲೆ ಮುಚ್ಚಳವಾಗಿ ಬೇರೆ ಕಲ್ಲು ಇರಬೇಕು. ಮೀಥೇನ್ ಹಿಡಿದಿಡಲು ಒದ್ದೆ ಜೇಡಿಕಲ್ಲಿನ ಪದರ ಸಾಕಾದೀತು. ಹೀಲಿಯಂ ಅದರಿಂದ ಬೇಗ ಸೋರುತ್ತದೆ. ಅದಕ್ಕೆ ಒಳ್ಳೆಯ ಮುಚ್ಚಳ ಎಂದರೆ ಕಲ್ಲುಪ್ಪು, ಇಲ್ಲವೇ ಅನ್‌ಹೈಡ್ರೈಟ್, ಅಂದರೆ ನೀರಿನ ಅಂಶ ಇಲ್ಲದ ಜಿಪ್ಸಮ್. ಎರಡೂ ಹಿಂದೆ ಯಾವುದೋ ಸಮುದ್ರ ಬತ್ತಿ ಉಳಿದವು. ಹರಳುಗಳು ಒಂದಕ್ಕೊಂದು ಒತ್ತಾಗಿ ಬೆಸೆದಿರುತ್ತವೆ, ಸಂದೇ ಇರುವುದಿಲ್ಲ. ಉಪ್ಪಿನಲ್ಲಿ ಬಿರುಕು ಬಿಟ್ಟರೂ ಮೇಲಿನ ಭಾರಕ್ಕೆ ನಿಧಾನವಾಗಿ ಹರಿದು ಕೂಡಿಕೊಳ್ಳುತ್ತದೆ. ಅಲ್ಜೀರಿಯದ ಹಸ್ಸಿ ರ್‌ಮೆಲ್ ಗ್ಯಾಸ್ ಕ್ಷೇತ್ರದ ಮೇಲೆ ಇಂಥದ್ದೇ ಉಪ್ಪಿನ ಪದರವಿದೆ.

ದಪ್ಪವೂ ಮುಖ್ಯ. ಬಲೂನಿನ ರಬ್ಬರ್ ಕೂದಲಿನಷ್ಟು ದಪ್ಪ ಇದ್ದರೆ ಹೆಚ್ಚು. ಅಲ್ಲಿ ಹತ್ತಾರು, ಕೆಲವು ಕಡೆ ನೂರಾರು ಮೀಟರ್ ಕಲ್ಲು. ಇನ್ನೊಂದು ಮಾತು. ಬಲೂನಿನಲ್ಲಿ ಪೂರ್ತಿ ಹೀಲಿಯಂ, ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಐದು ಭಾಗ. ಅದಕ್ಕೇ ಹೊರಗೆ ಹೋಗುವ ಒತ್ತಡ ಜಾಸ್ತಿ. ನೆಲದಡಿ ಅದು ಬೇರೆ ಗ್ಯಾಸಿನ ನಡುವೆ ಶೇಕಡಾ ಒಂದೋ ಎರಡೋ, ಸುತ್ತಲಿನ ಹಳೆಯ ನೀರಿನಲ್ಲೂ ಹೀಲಿಯಂ ಇದೆ. ಓಡುವ ಆತುರ ಅಷ್ಟು ಕಮ್ಮಿ. ಆದರೂ ಸೋರುತ್ತದೆ, ಸುಳ್ಳು ಹೇಳಬಾರದು. ಸೋರುವುದಕ್ಕಿಂತ ಸ್ವಲ್ಪ ಜಾಸ್ತಿ ಬಂದು ಸೇರಿದ ಕಡೆಯಷ್ಟೇ ನಮಗೆ ಹೀಲಿಯಂ ಸಿಕ್ಕಿದೆ.

ಮುಚ್ಚಳ ಎಷ್ಟು ಭದ್ರ ಎನ್ನುವುದಕ್ಕೆ ಮನುಷ್ಯರೇ ಮಾಡಿ ನೋಡಿದ ಪರೀಕ್ಷೆ ಇದೆ. ಟೆಕ್ಸಾಸಿನ ಅಮರಿಲ್ಲೋ ಊರಿನ ಹತ್ತಿರ ಕ್ಲಿಫ್‌ಸೈಡ್ ಎಂಬ ಗ್ಯಾಸ್ ಕ್ಷೇತ್ರವಿದೆ. ಅಲ್ಲಿ ನೆಲದಡಿ ಬುಷ್ ಡೋಮ್ ಎಂಬ ಗುಮ್ಮಟದಂಥ ಬಾಗು. ಅದರ ಸ್ವಂತ ಗ್ಯಾಸಿನಲ್ಲೇ ಶೇಕಡಾ 1.8ರಷ್ಟು ಹೀಲಿಯಂ ಇತ್ತು. ಆ ಕಾಲದಲ್ಲಿ ಸುತ್ತಲಿನ ರಾಜ್ಯಗಳ ಗ್ಯಾಸ್ ಮನೆಮನೆಯ ಒಲೆಗೆ ಹೋಗುತ್ತಿತ್ತು. ಮೀಥೇನ್ ಉರಿಯಿತು, ಜೊತೆಗಿದ್ದ ಹೀಲಿಯಂ ಚಿಮಣಿಯಲ್ಲಿ ಹೊರಟುಹೋಯಿತು. ಕೋಟಿಗಟ್ಟಲೆ ವರ್ಷ ಕಲ್ಲು ಹನಿ ಹನಿಯಾಗಿ ಕೂಡಿಟ್ಟದ್ದು ಒಂದು ಹೊತ್ತಿನ ಅಡುಗೆಯ ಜೊತೆ ಆಕಾಶಕ್ಕೆ ಹೋಯಿತು! ಗಾಳಿಗೆ ಹೋದ ಹೀಲಿಯಂ ಕೊನೆಗೆ ಭೂಮಿಯನ್ನೇ ಬಿಟ್ಟು ಹೋಗುತ್ತದೆ, ಅದನ್ನು ಹಿಡಿಯುವಷ್ಟು ಸೆಳೆತ ಭೂಮಿಗಿಲ್ಲ. ಇದನ್ನು ಓದಿದಾಗ ನನಗೆ ನಿಜವಾಗಿ ಸಂಕಟವಾಯಿತು. 1960ರಲ್ಲಿ ಅಮೆರಿಕ ಸರ್ಕಾರ ಕಾನೂನು ಬದಲಿಸಿ ಗ್ಯಾಸಿನಿಂದ ಹೀಲಿಯಂ ಬೇರೆ ಮಾಡಿಸಿತು. ಅದನ್ನು ಕೊಳವೆ ಮಾರ್ಗದಲ್ಲಿ ತಂದು ಅದೇ ಬುಷ್ ಡೋಮಿನ ಕಲ್ಲಿನೊಳಕ್ಕೆ ವಾಪಸ್ ತುಂಬಿಸಿತು. ಹತ್ತಾರು ವರ್ಷ ಅಲ್ಲೇ ಇಟ್ಟು, ಬೇಕಾದಾಗ ತೆಗೆದು ಮಾರಿದರು. ಕಲ್ಲು ಮೋಸ ಮಾಡಲಿಲ್ಲ. 2024ರಲ್ಲಿ ಆ ಭಂಡಾರವನ್ನು ಖಾಸಗಿ ಕಂಪನಿಗೆ ಮಾರಿದರು. ನನಗೆ ಕೇಳಿದರೆ, ಇಂಥದ್ದು ಸರ್ಕಾರದ ಕೈಯಲ್ಲೇ ಇರಬೇಕಿತ್ತು.

ಬಹಳ ಕಾಲ ಹೀಲಿಯಂ ಸಿಕ್ಕಿದ್ದೆಲ್ಲ ಮೀಥೇನ್ ಹುಡುಕುವಾಗ ಆಕಸ್ಮಿಕವಾಗಿ. ಹೀಲಿಯಂಗಾಗಿಯೇ ಹುಡುಕಿದರೆ ಹೇಗೆ? ಆಕ್ಸ್‌ಫರ್ಡ್ ಮತ್ತು ಡರ್ಹಮ್ ವಿಶ್ವವಿದ್ಯಾಲಯದವರು ಈ ದಾರಿ ಹಿಡಿದರು. ಹಳೆಯ ಬಂಡೆ ಎಲ್ಲಿದೆ, ಅದನ್ನು ಇತ್ತೀಚೆಗೆ ಬಿಸಿ ಮಾಡಿದ್ದು ಏನು ಎಂದು ನೋಡುತ್ತಾ ಹೋದರು. ಟಾಂಜಾನಿಯಾದ ರುಕ್ವಾ ಕಣಿವೆ ಕಣ್ಣಿಗೆ ಬಿತ್ತು. ಅಲ್ಲಿ ಅತಿ ಹಳೆಯ ಬಂಡೆ ಇದೆ. ಪೂರ್ವ ಆಫ್ರಿಕಾ ಸೀಳುತ್ತಿರುವುದರಿಂದ ಜ್ವಾಲಾಮುಖಿಯ ಕಾವೂ ಇದೆ. ಆ ಕಾವು ಹರಳುಗಳಿಂದ ಹೀಲಿಯಂ ಬಿಡಿಸಿದೆ. ಬುಗ್ಗೆಗಳಲ್ಲಿ ನೈಟ್ರೋಜನ್ ಜೊತೆ ಹೀಲಿಯಂ ಗುಳ್ಳೆ ಏಳುತ್ತಿದೆ, ಕೆಲವು ಕಡೆ ಶೇಕಡಾ 10ರಷ್ಟು. 2016ರಲ್ಲಿ ಈ ಸುದ್ದಿ ಜಗತ್ತಿಗೆ ತಿಳಿಯಿತು. ಒಂದು ಸೂಕ್ಷ್ಮ ಏನೆಂದರೆ, ಜ್ವಾಲಾಮುಖಿಗೆ ತೀರಾ ಹತ್ತಿರ ಇದ್ದರೂ ಆಗದು. ಅಲ್ಲಿ ಕಾರ್ಬನ್ ಡೈಆಕ್ಸೈಡ್ ಬಂದು ಎಲ್ಲವನ್ನೂ ತೆಳು ಮಾಡಿಬಿಡುತ್ತದೆ.

ಹಳೆಯ ಬಂಡೆ ಎಂದ ಮೇಲೆ ನಮ್ಮಲ್ಲೇನು ಕಡಿಮೆ? ರಾಮನಗರದ ಬೆಟ್ಟಗಳ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ. ಅದರಲ್ಲೂ ಯುರೇನಿಯಂ, ಥೋರಿಯಂ ಇವೆ. ಈ ಕ್ಷಣವೂ ಹೀಲಿಯಂ ಹುಟ್ಟುತ್ತಿದೆ. ಆದರೆ ಬೆಟ್ಟ ಬರಿಮೈಯಲ್ಲಿ ನಿಂತಿದೆ. ಮೇಲೆ ಉಪ್ಪಿನ ಮುಚ್ಚಳ ಇಲ್ಲ, ಜೊತೆಗೆ ಕರೆದೊಯ್ಯುವ ಗ್ಯಾಸ್ ಇಲ್ಲ, ನಿಲ್ಲಿಸಿಕೊಳ್ಳುವ ಮರಳುಗಲ್ಲಿನ ಪದರ ಇಲ್ಲ. ಹುಟ್ಟಿದ್ದು ಹಾಗೇ ಗಾಳಿಗೆ. ಬಂಗಾಳದ ಬಕ್ರೇಶ್ವರದ ಬಿಸಿನೀರಿನ ಬುಗ್ಗೆಗಳಲ್ಲಿ ಏಳುವ ಗುಳ್ಳೆಗಳಲ್ಲಿ ಮಾತ್ರ ಶೇಕಡಾ ಒಂದಕ್ಕಿಂತ ಜಾಸ್ತಿ ಹೀಲಿಯಂ ಇದೆ. ಶ್ಯಾಮದಾಸ್ ಚಟರ್ಜಿ ಎಂಬ ವಿಜ್ಞಾನಿ 1950ರ ದಶಕದಲ್ಲಿ ಅದರ ಅಧ್ಯಯನ ಶುರು ಮಾಡಿದರು. ತಮಿಳುನಾಡಿನ ಕುತ್ತಾಲಂನಲ್ಲಿ ಓಎನ್‌ಜಿಸಿ ಗ್ಯಾಸಿನಿಂದ ಹೀಲಿಯಂ ತೆಗೆಯುವ ಪ್ರಾಯೋಗಿಕ ಘಟಕವೂ ನಡೆಯಿತು. ಆದರೂ ನಮ್ಮ ಆಸ್ಪತ್ರೆಗಳ ಎಂಆರ್‌ಐ ಯಂತ್ರಕ್ಕೆ ಬೇಕಾದದ್ದು ಬರುವುದು ಹೊರದೇಶದಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೀಲಿಯಂ ದ್ರವ ಮಾಡುವ ಯಂತ್ರವಿದೆ. ಇಂಥ ಕಡೆ ಪ್ರಯೋಗಗಳಲ್ಲಿ ಆವಿಯಾದ ಹೀಲಿಯಂ ಹೊರಗೆ ಬಿಡದೆ ಹಿಡಿದು ಮತ್ತೆ ದ್ರವ ಮಾಡುವುದು ಎಷ್ಟು ಮುಖ್ಯ ಎಂದು ಈಗ ನಿಮಗೇ ಗೊತ್ತಾಗುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಡೆಕ್ಸ್ಟರ್ ಕೆಳಗೆ ಈಗಲೂ ಹುಟ್ತಾ ಇದ್ಯಾ? ಬಿಟ್ಟರೆ ಮತ್ತೆ ತುಂಬತ್ತಾ?"

ಹುಟ್ಟುತ್ತಿದೆಯಮ್ಮ ಎಂದೆ. ನಾವು ಒಂದು ಗಂಟೆ ಇಲ್ಲಿ ಕೂತಿದ್ದೆವು. ಅಷ್ಟರಲ್ಲಿ ಒಂದು ಘನ ಕಿಲೋಮೀಟರ್ ಗ್ರಾನೈಟ್‌ನಲ್ಲಿ ಹುಟ್ಟಿದ ಹೀಲಿಯಂ ನಾಲ್ಕು ಹನಿ ನೀರಿನಷ್ಟು ಜಾಗ ಹಿಡಿಯುತ್ತದೆ. ಅವಳು ನೋಟ್‌ಬುಕ್ಕಿನಲ್ಲಿ ಅದನ್ನು ಗುಣಿಸುತ್ತಾ ಕೂತಳು.